ಮಾತಾಡದ ಮಗನ ಬಗ್ಗೆ ಮಂಡಿಪೇಟೆಯಿಂದ ಬಂದ ಪತ್ರಕ್ಕೆ

ದಾವಣಗೆರೆಯ ಮಂಡಿಪೇಟೆಯಿಂದ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದಲ್ಲಿರುವುದು ಇಷ್ಟು: ಮನೆಯವರದು ಬಟ್ಟೆ ಅಂಗಡಿ. ಇಬ್ಬರು ಗಂಡು ಮಕ್ಕಳು. ದೊಡ್ಡವನು ಗಲ್ಲಾ ಮೇಲೆ ಕೂತರೆ ಟವೆಲ್ ಕೇಳಿ ಬಂದವರಿಗೆ ಸೀರೆಯನ್ನೂ ಮಾರಿ ಕಳಿಸುತ್ತಾನೆ. ಚಿಕ್ಕವನು ದ್ವಿತೀಯ ಪಿಯುಸಿ. ನೆಂಟರು ಬಂದರೆ ಮಹಡಿ ಹತ್ತುತ್ತಾನೆ. ಅಂಗಡಿಗೆ ಕಳಿಸಿದರೆ ಮೂಲೆಯಲ್ಲಿ ನಿಂತು ಬಟ್ಟೆ ಮಡಿಸುತ್ತಾನೆ, ಗಿರಾಕಿ ಜೊತೆ ಒಂದು ಮಾತಿಲ್ಲ. ‘ನೀನೇ ಸಲಿಗೆ ಕೊಟ್ಟು ಕೆಡಿಸಿದೆ’ ಅಂತ ಗಂಡ. ‘ಹುಟ್ಟು ಗುಣ ಸುಟ್ಟರೂ ಹೋಗಲ್ಲ, ಥೇಟ್ ಸೋದರಮಾವ’ ಅಂತ ಅತ್ತೆ. ಯಾರೋ ಹೇಳಿದರೆಂದು ಆರು ಸಾವಿರ ಕೊಟ್ಟು, ಬೆರಳಿನ ಗೆರೆ ನೋಡಿ ಸ್ವಭಾವ ಹೇಳುವ ಪರೀಕ್ಷೆಯನ್ನೂ ಮಾಡಿಸಿದ್ದಾರೆ. ‘ಇಬ್ಬರನ್ನೂ ಒಂದೇ ಥರ ಬೆಳೆಸಿದೆ. ಎಲ್ಲಿ ತಪ್ಪಿದೆ ಹೇಳಿ’ ಎಂದು ಕೇಳಿದ್ದಾರೆ.

ಅಕ್ಕಾ, ನೀವು ಎಲ್ಲೂ ತಪ್ಪಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಮೊದಲು ನಿಮ್ಮ ಮನೆಯ ನ್ಯಾಯವನ್ನೇ ನೋಡಿ. ಯಜಮಾನರ ಮಾತು ನಿಜವಾದರೆ ತಪ್ಪು ನಿಮ್ಮದು. ಅತ್ತೆಯವರ ಮಾತು ನಿಜವಾದರೆ ತಪ್ಪು ನಿಮ್ಮ ತವರಿನದು. ದೊಡ್ಡವನು ಮಾತುಗಾರ ಆದದ್ದನ್ನು ಮಾತ್ರ ಯಾರೂ ನಿಮ್ಮ ಖಾತೆಗೆ ಬರೆದ ಹಾಗೆ ಕಾಣಲಿಲ್ಲ!

ಸ್ವಭಾವ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಅವಳಿ ಮಕ್ಕಳ ಬೆನ್ನು ಹತ್ತಿದರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಥಾಮಸ್ ಬೌಚರ್ಡ್ 1979ರಲ್ಲಿ ಒಂದು ಕೆಲಸ ಶುರು ಮಾಡಿದರು. ಎಳೆಯದರಲ್ಲೇ ಬೇರೆಯಾಗಿ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಹುಡುಕಿ ಕರೆಸಿ ಪರೀಕ್ಷಿಸಿದರು. ಒಂದೇ ಥರ ಇರುವ ಅವಳಿಗಳು ಬೇರೆ ಮನೆಗಳಲ್ಲಿ ಬೆಳೆದಿದ್ದರೂ, ಸ್ವಭಾವದಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ಬೆಳೆದವರಷ್ಟೇ ಹೋಲುತ್ತಿದ್ದರು. ದತ್ತು ಮಕ್ಕಳ ಅಧ್ಯಯನಗಳು ಇದಕ್ಕಿಂತ ಖಾರ. ರಕ್ತಸಂಬಂಧ ಇಲ್ಲದ ಇಬ್ಬರು ಒಂದೇ ಮನೆಯಲ್ಲಿ ಉಂಡು ಬೆಳೆದರೂ, ಸ್ವಭಾವದಲ್ಲಿ ಗುರುತಿಲ್ಲದ ಇಬ್ಬರಿಗಿಂತ ಜಾಸ್ತಿಯೇನೂ ಹೋಲುವುದಿಲ್ಲ. ನಮ್ಮಂಥ ತಂದೆತಾಯಿಗಳಿಗೆ ನುಂಗಲು ಕಷ್ಟವಾದ ಮಾತು ಇದು. ಆದರೆ ಮತ್ತೆ ಮತ್ತೆ ಸಿಕ್ಕ ಉತ್ತರ ಇದೇ.

ಜನರ ನಡುವೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 40ರಿಂದ 50ರಷ್ಟು ಹುಟ್ಟಿನಿಂದ ಬಂದದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಇಲ್ಲಿ ಎಲ್ಲರೂ ಎಡವುತ್ತಾರೆ. ನಿಮ್ಮ ಮಗನ ಅರ್ಧ ಗುಣ ಸೋದರಮಾವನದು, ಅರ್ಧ ನಿಮ್ಮ ಸಲಿಗೆಯದು ಅಂತ ಇದರ ಅರ್ಥವಲ್ಲ. ನಮ್ಮ ಕಡೆಯ ಮೆಕ್ಕೆಜೋಳ ತಗೊಳ್ಳಿ. ಒಂದೇ ಹೊಲದಲ್ಲಿ ಎರಡು ತಳಿ ಬಿತ್ತಿದರೆ ಫಸಲಿನ ವ್ಯತ್ಯಾಸಕ್ಕೆ ಬೀಜವೇ ಕಾರಣ. ಒಂದೇ ಚೀಲದ ಬೀಜವನ್ನು ಭದ್ರಾ ನಾಲೆಯ ಪಕ್ಕದಲ್ಲೂ ಜಗಳೂರಿನ ಒಣ ಹೊಲದಲ್ಲೂ ಹಾಕಿದರೆ ವ್ಯತ್ಯಾಸವೆಲ್ಲ ನೀರಿನದು. ಒಂದು ತೆನೆ ಹಿಡಿದು ಇದರಲ್ಲಿ ಬೀಜ ಎಷ್ಟು, ನೀರು ಎಷ್ಟು ಎಂದು ಯಾರೂ ಹೇಳಲಾರರು. ಅಂದ ಹಾಗೆ, ‘ಮೌನದ ಜೀನ್’ ಅಂತ ಒಂದು ಇಲ್ಲ. ಸಾವಿರಾರು ಜೀನ್‌ಗಳು ಒಂದೊಂದು ಚಿಟಿಕೆ ಸೇರಿಸುತ್ತವೆ. ಸೋದರಮಾವನನ್ನು ಬಿಟ್ಟುಬಿಡಿ ಪಾಪ.

ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಒಂದೇ ಥರ ಬೆಳೆಸಿದೆ ಎಂದಿರಿ. ನಂಬುತ್ತೇನೆ, ಆದರೆ ಅದು ಸಾಧ್ಯವಿಲ್ಲ. ಮಾತಾಡುವ ಮಗುವನ್ನು ಎಲ್ಲರೂ ಎತ್ತಿಕೊಂಡು ಮಾತಾಡಿಸುತ್ತಾರೆ. ಸುಮ್ಮನಿರುವ ಮಗುವನ್ನು ‘ಇದು ಮಾತಾಡಲ್ಲ’ ಅಂತ ಕೆಳಗಿಳಿಸುತ್ತಾರೆ. ಹೀಗೆ ಮಗುವಿನ ಸ್ವಭಾವವೇ ತನ್ನ ಸುತ್ತಲಿನ ಮನೆಯನ್ನು ಬದಲಿಸುತ್ತಾ ಹೋಗುತ್ತದೆ. ಒಂದೇ ಸೂರಿನಡಿ ನಿಮ್ಮ ಮಕ್ಕಳಿಗೆ ಎರಡು ಮನೆ ಸಿಕ್ಕಿವೆ. ಇದರ ಮೇಲೆ ಬೇರೆ ಬೇರೆ ಮೇಷ್ಟ್ರು, ಗೆಳೆಯರು, ಒಂದು ಕಾಯಿಲೆ, ಒಂದು ಅವಮಾನ. ಎಷ್ಟೋ ಬರೀ ಆಕಸ್ಮಿಕ. ‘ದೊಡ್ಡ ಮಗ ಹಾಗೆ, ಚಿಕ್ಕ ಮಗ ಹೀಗೆ’ ಎನ್ನುವ ಲೆಕ್ಕ ಮಾತ್ರ ಹಾಕಬೇಡಿ. ಅಮೆರಿಕ, ಬ್ರಿಟನ್, ಜರ್ಮನಿಯ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2015ರಲ್ಲಿ ನೋಡಿದಾಗ, ಹುಟ್ಟಿದ ಕ್ರಮಕ್ಕೂ ಜನರ ಜೊತೆ ಬೆರೆಯುವ ಗುಣಕ್ಕೂ ಸಂಬಂಧವೇ ಸಿಗಲಿಲ್ಲ.

ಈಗ ಆ ಆರು ಸಾವಿರದ ವಿಷಯ. ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ಮೂಡುವುದು ನಿಜ. ಅದನ್ನು ನೋಡಿ ಸ್ವಭಾವವನ್ನೋ ಬುದ್ಧಿಯನ್ನೋ ಹೇಳಬಹುದು ಎನ್ನುವುದಕ್ಕೆ ವಿಜ್ಞಾನದ ಆಧಾರವಿಲ್ಲ. ‘ಆದರೂ ವರದಿಯಲ್ಲಿ ಬರೆದದ್ದೆಲ್ಲ ನನ್ನ ಮಗನಿಗೆ ಸರಿಹೊಂದುತ್ತದೆ’ ಎಂದಿದ್ದೀರಿ. ಹೊಂದಲೇಬೇಕು! 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ‘ನಿಮ್ಮ ಸ್ವಭಾವ’ ಬರೆದ ಹಾಳೆ ಹಂಚಿದರು. ಎಷ್ಟು ನಿಜ, 5ಕ್ಕೆ ಅಂಕ ಹಾಕಿ ಎಂದರು. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಸಾಲುಗಳನ್ನು ಹೆಚ್ಚಾಗಿ ಆರಿಸಿದ್ದು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ. ‘ಹೊರಗೆ ಗಟ್ಟಿ, ಒಳಗೆ ಆತಂಕ’ ಎಂದರೆ ಯಾರಿಗೆ ಹೊಂದುವುದಿಲ್ಲ ಹೇಳಿ? ಆ ಹಣ ಹೋಯಿತು ಅಂದುಕೊಳ್ಳಿ. ಎರಡನೇ ಹಂತ, ಕೌನ್ಸೆಲಿಂಗ್ ಪ್ಯಾಕೇಜ್ ಅಂತ ಮತ್ತೆ ಫೋನ್ ಮಾಡಿದರೆ ಒಂದು ರೂಪಾಯಿಯೂ ಕೊಡಬೇಡಿ.

ಹುಟ್ಟು ಗುಣ ಸುಟ್ಟರೂ ಹೋಗಲ್ಲ ಎನ್ನುವ ಅತ್ತೆಯವರೇ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಲೂ ಹೇಳಿರುತ್ತಾರೆ, ಅಲ್ವಾ? ಎರಡೂ ಪೂರ್ತಿ ನಿಜವಲ್ಲ. ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ವಾಸನೆ, ಹೊಸ ದನಿ ತೋರಿಸಿ ನೋಡಿದರು. ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅಳುತ್ತಿತ್ತು. ಮುಂದೆ ಸಂಕೋಚದ ಮಕ್ಕಳಾದವರಲ್ಲಿ ಇಂಥವರು ಜಾಸ್ತಿ. ಆದರೆ ಎಲ್ಲರೂ ಹಾಗೆ ಆಗಲಿಲ್ಲ. ಹೆದರುವ ಕೂಸನ್ನು ಪ್ರತಿ ಸಲವೂ ಓಡಿಬಂದು ಎತ್ತಿಕೊಂಡ ತಾಯಂದಿರ ಮಕ್ಕಳಲ್ಲಿ ಅಂಜಿಕೆ ಉಳಿಯಿತು. ಗದರದೆ, ಆದರೆ ಸ್ವಲ್ಪ ಸ್ವಲ್ಪವಾಗಿ ಹೊಸದಕ್ಕೆ ಒಗ್ಗಿಸಿದವರ ಮಕ್ಕಳಲ್ಲಿ ಅದು ಕಡಿಮೆಯಾಯಿತು. ಮನೆಯವರ ಕೈಯಲ್ಲಿ ಏನೂ ಇಲ್ಲ ಅಂತಲ್ಲ, ಅಕ್ಕಾ. ಮೌನಿಯನ್ನು ಮಾತುಗಾರ ಮಾಡುವುದು ಕಷ್ಟ. ಅಂಜಿಕೆ ಇಳಿಸುವುದು ಆಗುತ್ತದೆ. ಇನ್ನೊಂದು ಮಾತು, ಸ್ವಭಾವ ಜಾಸ್ತಿ ಬದಲಾಗುವುದು 20ರಿಂದ 40ರ ನಡುವೆ. ಸಾಮಾನ್ಯವಾಗಿ ಶಿಸ್ತು ಬರುತ್ತದೆ, ಆತಂಕ ಇಳಿಯುತ್ತದೆ. ನಿಮ್ಮವನಿಗೆ ಇನ್ನೂ 17.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ ಸಾಲು ಸಹಿಯ ಕೆಳಗೆ ಸಣ್ಣಗೆ ಬರೆದದ್ದು. ಮಂಡಕ್ಕಿ ಅಂಗಡಿ ಮುಂದೆ ಗೆಳೆಯರ ಜೊತೆ ಗಂಟೆಗಟ್ಟಲೆ ಕ್ರಿಕೆಟ್ ಮಾತಾಡುತ್ತಾನಂತೆ, ಎಲ್ಲರನ್ನೂ ನಗಿಸುತ್ತಾನಂತೆ. ನೀವು ಕಣ್ಣಾರೆ ನೋಡಿಲ್ಲ, ನಂಬಲೋ ಬೇಡವೋ ಎಂದಿದ್ದೀರಿ. ನಂಬಿ. ಒಬ್ಬನೇ ಮನುಷ್ಯ ಒಂದೊಂದು ಜಾಗದಲ್ಲಿ ಒಂದೊಂದು ಥರ ಇರುತ್ತಾನೆ ಎಂದು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲೇ ಪಟ್ಟು ಹಿಡಿದು ವಾದಿಸಿದ್ದರು. ಹಾಗಾದರೆ ಇವನು ಮಾತು ಬಾರದವನಲ್ಲ. ಅಪ್ಪ ಹಿಂದೆ ನಿಂತು ನೋಡುತ್ತಿರುವಾಗ, ಅಣ್ಣನ ಬಾಯಿಯ ಮುಂದೆ, ಸೀರೆ ಮಾರಲು ಬಾರದವನು. ನಾನೂ ಮಾರಲಾರೆ.

ನಮ್ಮದು ಹತ್ತಿ ಗಿರಣಿಗಳ ಕಾಲದಿಂದ ವ್ಯಾಪಾರದ ಊರು. ಇಲ್ಲಿ ಬಾಯಿ ಇದ್ದವನೇ ಜಾಣ. ಮನಶ್ಶಾಸ್ತ್ರಜ್ಞರು ಸ್ವಭಾವವನ್ನು ಐದು ಅಳತೆಯಲ್ಲಿ ನೋಡುತ್ತಾರೆ: ಹೊಸದರ ಕುತೂಹಲ, ಶಿಸ್ತು, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಆತಂಕ. ನಿಮ್ಮ ಮನೆಯಲ್ಲಿ ಹುಡುಗನನ್ನು ಒಂದರಲ್ಲೇ ತೂಗುತ್ತಿದ್ದೀರಿ. ಅಂಗಡಿಯ ಸ್ಟಾಕ್, ಜಿಎಸ್‌ಟಿ ಲೆಕ್ಕ ಕೊಟ್ಟು ನೋಡಿ. ನೆಂಟರ ಮುಂದೆ ‘ಇವನು ಮಾತೇ ಆಡಲ್ಲ’ ಎನ್ನುವುದನ್ನು ಮೊದಲು ನೀವು ನಿಲ್ಲಿಸಿ. ಉಳಿದವರಿಗೆ ಆಮೇಲೆ ಹೇಳಬಹುದು.

ಒಂದು ಮಾತ್ರ ಗಮನಿಸಿ. ಅವನು ಇಷ್ಟಪಟ್ಟು ಒಬ್ಬನೇ ಇದ್ದರೆ ಚಿಂತೆ ಬೇಡ. ಮಾತಾಡಬೇಕು ಅನಿಸಿಯೂ ಮೈ ಬೆವರಿ, ಎದೆ ಬಡಿದು ಆಗದೆ ಇದ್ದರೆ, ಕಾಲೇಜು ತಪ್ಪಿಸತೊಡಗಿದರೆ, ಮೊದಲು ಬೆರೆಯುತ್ತಿದ್ದ ಗೆಳೆಯರನ್ನೂ ಬಿಟ್ಟರೆ, ಊಟ ನಿದ್ದೆ ಕೆಟ್ಟರೆ, ಅದು ಸ್ವಭಾವದ ಮಾತಲ್ಲ. ಆಗ ಮನೋವೈದ್ಯರಿಗೆ ತೋರಿಸಿ. ಮೊದಲು ಫೋನಿನಲ್ಲೇ ಕೇಳುವುದಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಅವನೇ ಮಾಡಿದರೂ ಆದೀತು, ನೀವು ಮಾಡಿದರೂ ಆದೀತು.