ಬೈಕಿನ ಒಂದೇ ಟೀ ಜಾಯಿಂಟ್‌ಗೆ ಆಯಿಲ್ ಪ್ರೆಷರ್ರೂ ಟೆಂಪರೇಚರ್ರೂ ಹಾಕ್ಬೇಡಿ

ನೀವು ಗ್ರೂಪಲ್ಲಿ ಹಾಕಿರೋ ಬೈಕ್ ಎಂಜಿನ್ ಫೋಟೋ ಜೂಮ್ ಮಾಡಿ ನೋಡ್ದೆ ಸರ್. ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ ಆ ಹೋಲ್‌ಗೆ ಹಿತ್ತಾಳೆ ಟೀ (T ಆಕಾರದ ಮೂರು ಬಾಯಿ ಜಾಯಿಂಟ್) ಹಾಕಿದೀರ, ಟೀಯ ಒಂದು ಕಡೆ ಡಬ್ಬಿ ಥರದ ಪ್ರೆಷರ್ ಸೆಂಡರ್ (ಅಳೆದು ಗೇಜಿಗೆ ಸಿಗ್ನಲ್ ಕಳಿಸೋ ಸೆನ್ಸರ್), ಇನ್ನೊಂದು ಕಡೆ ಟೆಂಪರೇಚರ್ ಸೆಂಡರ್, ಎಲ್ಲಾ ಜಾಯಿಂಟ್‌ಗೂ ಬಿಳಿ ಟೇಪು ದಪ್ಪಗೆ ಸುತ್ತಿದೀರ. ಇಷ್ಟೆಲ್ಲಾ ಮಾಡಿ ಕೇಳ್ತಿರೋದು ಮಾತ್ರ "ಇಂಡಿಕೇಟರ್ ಹಾಕಿದ್ರೆ ಮುಳ್ಳು ಕುಣಿಯುತ್ತೆ, ಗೇಜ್ ಡೂಪ್ಲಿಕೇಟಾ" ಅಂತ. ಜೊತೆಗೆ "ಎಷ್ಟು ಓಡಿಸಿದ್ರೂ 65 ಡಿಗ್ರಿ ದಾಟಲ್ಲ, ಬಿಸಿ ಐಡ್ಲಿಂಗಲ್ಲೂ 4 ಬಾರ್ ಇದೆ, ಎಂಜಿನ್ ಸೂಪರ್" ಅಂತ ಬೇರೆ. ಅದಕ್ಕೆ ಎಲ್ಲರೂ ಹೆಬ್ಬೆಟ್ಟು ಒತ್ತಿದಾರೆ. ಗೇಜ್ ಡೂಪ್ಲಿಕೇಟ್ ಅಲ್ಲ ಸ್ವಾಮಿ, ಫಿಟ್ಟಿಂಗ್ ತಪ್ಪು. ನಾನೂ ಮೊದಲು ಹೀಗೇ ಹಾಕಿ ಹೀಗೇ ಖುಷಿಪಟ್ಟೋನು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಏರ್ ಕೂಲ್ಡ್ ಎಂಜಿನ್ನು ಚೆನ್ನಾಗಿ ಬಿಸಿ ಆದ್ಮೇಲೆ ಆಯಿಲ್ 90ರಿಂದ 120ರ ಮಧ್ಯ ಎಲ್ಲಾದ್ರೂ ಇರ್ಬೇಕು. 65 ಅಂತ ತೋರಿಸ್ತಿದ್ರೆ ಅದು ಆಯಿಲ್ ಟೆಂಪರೇಚರ್ ಅಲ್ಲ, ಗಾಳಿಗೆ ನಿಂತಿರೋ ಆ ಹಿತ್ತಾಳೆ ಟೀ ಟೆಂಪರೇಚರ್. ಪ್ರೆಷರ್‌ಗೆ ಆಯಿಲ್ ಹರೀಲೇಬೇಕು ಅಂತಿಲ್ಲ, ಮುಚ್ಚಿದ ಕೊನೇಲೂ ಗ್ಯಾಲರಿಯಲ್ಲಿ (ಎಂಜಿನ್ ಒಳಗೆ ಆಯಿಲ್ ಹರಿಯೋ ದಾರಿ) ಎಷ್ಟಿದೆಯೋ ಅಷ್ಟೇ ಸಿಗುತ್ತೆ. ಟೆಂಪರೇಚರ್ ಹಾಗಲ್ಲ, ಸೆಂಡರ್ ಮೂತಿ ಹರಿಯೋ ಆಯಿಲ್ ಒಳಗೆ ಮುಳುಗಿರ್ಲೇಬೇಕು. ಟೀ ಒಳಗೆ ಹೊಕ್ಕಿರೋ ಆಯಿಲ್ ಹೊಳೆ ಪಕ್ಕದ ಗುಂಡಿಯಲ್ಲಿ ನಿಂತ ನೀರಿದ್ದಂಗೆ, ಹೊಳೆ ಎಷ್ಟು ಜೋರಾಗಿ ಹರಿದ್ರೂ ಗುಂಡಿ ನೀರಿಗೇನೂ ಗೊತ್ತಾಗಲ್ಲ.

ಇನ್ನು ಆ ಟೇಪು. ಒಂದೇ ವೈರಿನ ಸೆಂಡರ್‌ಗೆ ಅರ್ಥ್ (ಬ್ಯಾಟರಿ ಮೈನಸ್‌ಗೆ ವಾಪಸ್ ದಾರಿ) ಸಿಗೋದೇ ಥ್ರೆಡ್ ಮೂಲಕ. ದಪ್ಪಗೆ ಟೇಪ್ ಸುತ್ತಿದ್ರೆ ಅರ್ಥ್ ಅರ್ಧಂಬರ್ಧ ಆಗುತ್ತೆ, ಅಂದ್ರೆ ದಾರಿಯಲ್ಲಿ ಎಕ್ಸ್‌ಟ್ರಾ ರೆಸಿಸ್ಟೆನ್ಸ್. ಟೆಂಪರೇಚರ್ ಸೆಂಡರ್‌ದು ಬಿಸಿ ಆದಷ್ಟೂ ಓಮ್ (ರೆಸಿಸ್ಟೆನ್ಸ್ ಅಳತೆ) ಇಳಿಯೋ ಜಾತಿ, ಓಮ್ ಜಾಸ್ತಿ ಕಂಡ್ರೆ ಗೇಜ್ "ತಣ್ಣಗಿದೆ" ಅನ್ನುತ್ತೆ. ನಿಮ್ಮ ಪ್ರೆಷರ್ ಸೆಂಡರ್ 10-180 ಓಮ್‌ದು, ಪ್ರೆಷರ್ ಏರಿದಷ್ಟೂ ಓಮ್ ಏರುತ್ತೆ, ಹಾಗಾಗಿ ಅದೇ ಕೆಟ್ಟ ಅರ್ಥ್‌ಗೆ ಇದು "ಪ್ರೆಷರ್ ಜಾಸ್ತಿ ಇದೆ" ಅನ್ನುತ್ತೆ. ಗೊತ್ತಾಯ್ತಲ್ಲ, ಎರಡೂ ಗೇಜ್ ನಿಮಗೆ ಖುಷಿ ಆಗೋ ಕಡೆಗೇ ಸುಳ್ಳು ಹೇಳ್ತಿವೆ. ಅಮೆರಿಕದ 240-33 ಓಮ್ ಸೆಂಡರ್ ಆಗಿದ್ರೆ ಉಲ್ಟಾ, ಪ್ರೆಷರ್ ಕಮ್ಮಿ ತೋರಿಸಿ ಗಾಬರಿ ಪಡಿಸ್ತಿತ್ತು, ಅದೇ ವಾಸಿ. ಈ ಎರಡು ಜಾತಿ ಗೇಜು ಸೆಂಡರ್ರು ಅದಲು ಬದಲು ಮಾಡಿ ಹಾಕೋರೂ ಇದ್ದಾರೆ, ಥ್ರೆಡ್ ಕೂತ್ತು ಅಂತ ಸರಿ ಅಂದ್ಕೋತಾರೆ, ಕೊಳ್ಳುವಾಗ್ಲೇ ಓಮ್ ರೇಂಜ್ ನೋಡಿ. ಇದಲ್ಲದೆ ಟೇಪಿನ ಎಳೆ ಕಿತ್ತು ಗ್ಯಾಲರಿಗೆ ಹೋದ್ರೆ ಎಲ್ಲಿ ಹೋಗಿ ಸಣ್ಣ ತೂತು ಮುಚ್ಚುತ್ತೋ ದೇವ್ರೇ ಬಲ್ಲ. ಸಿಲಿಕಾನ್ ಪೇಸ್ಟ್ ಬಳಿಯೋರಿಗೂ ಇದೇ ಮಾತು. ಟೇಪರ್ ಥ್ರೆಡ್‌ಗೆ (ತುದಿ ಕಡೆ ಸಣ್ಣ ಆಗ್ತಾ ಹೋಗೋ ಥ್ರೆಡ್) ಲಿಕ್ವಿಡ್ ಥ್ರೆಡ್ ಸೀಲೆಂಟ್ ಒಂದು ತೊಟ್ಟು, ಮೊದಲ ಎರಡು ಥ್ರೆಡ್ ಬಿಟ್ಟು ಹಚ್ಚಿ, ಸಾಕು. ಪ್ಯಾರಲಲ್ ಥ್ರೆಡ್ ಆದ್ರೆ ತಾಮ್ರದ ವಾಷರ್ರೇ ಸೀಲು, ಇನ್ನೇನೂ ಬೇಡ.

ಈಗ ಮುಖ್ಯ ವಿಷಯ. ಆ ಡಬ್ಬಿ ಸೆಂಡರ್ ಕೈಯಲ್ಲಿ ಹಿಡಿದು ನೋಡಿದೀರಲ್ಲ, ಎಷ್ಟು ಭಾರ. ಅದನ್ನ ಟೀ ತುದಿಗೆ ನೇತು ಹಾಕಿದ್ರೆ ಎಂಜಿನ್ ವೈಬ್ರೇಶನ್‌ಗೆ ಟೀ ಕತ್ತು ದಿನಾ ಬಗ್ಗಿ ಬಗ್ಗಿ ಒಂದಿನ ಬಿರುಕು ಬಿಡುತ್ತೆ. ಹಿತ್ತಾಳೆ ಮೊದಲೇ ಸೂಚನೆ ಕೊಡಲ್ಲ, ಟಕ್ ಅಂತ ಮುರಿಯುತ್ತೆ, ಪಂಪ್ ತನ್ನ ಪಾಡಿಗೆ ಇರೋ ಆಯಿಲ್ ಎಲ್ಲಾ ಆಚೆ ತಳ್ಳುತ್ತೆ, ಅದು ಹೋಗೋದು ನೇರ ಹಿಂದಿನ ಟೈರಿಗೆ. ಸಿಂಗಲ್ ಸಿಲಿಂಡರ್‌ನಲ್ಲಂತೂ ಇದು ಇವತ್ತಲ್ಲ ನಾಳೆ ಆಗೋದೇ.

ನಾನು ಮಾಡೋದು ಹೀಗೆ, ಯಾರು ಏನೇ ಅಂದ್ರೂ ಇದನ್ನ ಬಿಡಲ್ಲ. ಎಂಜಿನ್ ಹೋಲ್‌ಗೆ ಒಂದು ಗಿಡ್ಡ ಅಡಾಪ್ಟರ್, ಲೇತಲ್ಲಿ ಸ್ಟೀಲಿಂದೇ ಮಾಡಿಸೋದು, ಒಂದು ಕಡೆ ಎಂಜಿನ್ ಥ್ರೆಡ್, ಇನ್ನೊಂದು ಕಡೆ ಬ್ಯಾಂಜೊ ಬೋಲ್ಟ್‌ಗೆ (ಹೋಸ್ ಜೋಡಿಸೋ, ಒಳಗೆ ತೂತಿರೋ ಬೋಲ್ಟ್) ಎಂ10 ಥ್ರೆಡ್. ಅದರಿಂದ ಸ್ಟೀಲ್ ಬ್ರೇಡೆಡ್ ಹೋಸ್ ಎಳೆದು ಸೆಂಡರ್‌ನ ಫ್ರೇಮ್ ಮೇಲೆ ರಬ್ಬರ್ ಕೊಟ್ಟು ಕ್ಲಾಂಪ್ ಮಾಡೋದು. ಎಂಜಿನ್ ಮೇಲೆ ಭಾರನೇ ಇಲ್ಲ. ಹೋಸ್ ಒಳಪದರ ಟೆಫ್ಲಾನ್ ಇರ್ಲೇಬೇಕು, ಹಳೇ ರಬ್ಬರ್ ಬ್ರೇಕ್ ಹೋಸ್ ಇದೆ ಅಂತ ಹಾಕ್ಬೇಡಿ, ಆ ರಬ್ಬರ್ ಬ್ರೇಕ್ ಫ್ಲೂಯಿಡ್‌ಗೆ ಮಾಡಿರೋದು, ಎಂಜಿನ್ ಆಯಿಲ್ ತಾಗಿದ್ರೆ ಊದಿಕೊಂಡು ಮೆತ್ತಗಾಗುತ್ತೆ. ಅಡಾಪ್ಟರ್ ಮಾಡಿಸುವಾಗ್ಲೇ ಒಳಗಿನ ತೂತು 1 ಮಿ.ಮೀ. ಮಾತ್ರ ಕೊರೆಸಿ. ಪ್ರೆಷರ್ ಓದೋಕೆ ಅಷ್ಟು ಧಾರಾಳ ಸಾಕು, ಪಂಪಿನ ಬಡಿತಕ್ಕೆ ಮುಳ್ಳು ನಡುಗಲ್ಲ, ನಾಳೆ ಹೋಸ್ ಕಿತ್ತೋದ್ರೂ ಆಯಿಲ್ ಭಸ್ ಅಂತ ಖಾಲಿ ಆಗದೆ ಎಂಜಿನ್ ಆಫ್ ಮಾಡೋಷ್ಟು ಟೈಮ್ ಸಿಗುತ್ತೆ. ಅಡಾಪ್ಟರ್ ಮೂತಿ ಉದ್ದ ಆಗಿ ಗ್ಯಾಲರಿಗೇ ಅಡ್ಡ ನಿಂತಿಲ್ಲ ತಾನೇ ಅಂತ ಹಳೇ ಸ್ವಿಚ್ ಪಕ್ಕ ಇಟ್ಟು ಅಳೆದು ನೋಡಿ. ಹೋಸ್‌ನ ಸೈಲೆನ್ಸರ್ ಪೈಪಿಂದ ದೂರ ಇಡಿ, ಬ್ರೇಡಿಂಗ್ ಅಲ್ಯೂಮಿನಿಯಂ ಮೇಲೆ ಉಜ್ಜಿದ್ರೆ ಗರಗಸದ ಥರ ಕೊಯ್ಯುತ್ತೆ, ಮೇಲೆ ಸ್ಲೀವ್ ಹಾಕಿ. ರಬ್ಬರ್ ಮೇಲೆ ಕೂತ ಸೆಂಡರ್‌ಗೆ ಅರ್ಥ್ ಬೇಕಲ್ಲ, ಅದರ ಮೈಗೆ ಹೋಸ್ ಕ್ಲಿಪ್ ಸುತ್ತಿ ಅದರಡಿ ಒಂದು ವೈರ್ ಸಿಗಿಸಿ ನೇರ ಬ್ಯಾಟರಿ ಮೈನಸ್‌ಗೆ. ಎರಡು ಪೋಲಿನ (ಅರ್ಥ್‌ಗೂ ಬೇರೆ ಪಿನ್ ಇರೋ) ಸೆಂಡರ್ ಸಿಕ್ರೆ ಈ ತಲೆನೋವೇ ಇಲ್ಲ.

ಥ್ರೆಡ್ ಬಗ್ಗೆ ಒಂದು ಮಾತು, ಇಲ್ಲಿ ಕೇಸಿಂಗ್ ಒಡೆದುಕೊಂಡೋರು ಕಮ್ಮಿ ಇಲ್ಲ. ಜಪಾನಿ ಎಂಜಿನ್‌ಗಳಲ್ಲಿ ಹೆಚ್ಚಾಗಿ 1/8 ಬಿಎಸ್‌ಪಿಟಿ (ಬ್ರಿಟಿಷ್ ಟೇಪರ್ ಥ್ರೆಡ್) ಇರುತ್ತೆ, ಇಂಚಿಗೆ 28 ಥ್ರೆಡ್, ನೀವು ತರೋ ಸೆಂಡರ್ 1/8 ಎನ್‌ಪಿಟಿ (ಅಮೆರಿಕದ ಟೇಪರ್ ಥ್ರೆಡ್) ಇರಬಹುದು, ಅದು 27. ಎರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಬಿಗಿ ಆಗುತ್ತೆ, "ಆಹಾ ಕೂತ್ತು" ಅಂತ ಪಾನಾ ಹಾಕಿ ಎಳೀತೀರ, ಅಲ್ಯೂಮಿನಿಯಂ ಕೇಸಿಂಗ್ ಚಟ್. ಟೇಪರ್ ಥ್ರೆಡ್ ಅಂದ್ರೇ ಬೆಣೆ, ನೆನಪಿರ್ಲಿ. ಪಿಚ್ ಗೇಜ್ (ಥ್ರೆಡ್ ಅಂತರ ಅಳೆಯೋ ಸಾಧನ) ಹಿಡಿದು ನೋಡದೆ ಯಾವ್ದನ್ನೂ ಹಾಕ್ಬೇಡಿ.

ಟೆಂಪರೇಚರ್ ಸೆಂಡರ್ ಎಲ್ಲಿ ಹಾಕೋದು ಅಂದ್ರೆ ನನ್ನ ಓಟು ಸಂಪ್‌ಗೆ, ಅಂದ್ರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಜಾಗಕ್ಕೆ. ಡ್ರೈನ್ ಬೋಲ್ಟ್ ಜಾಗದಲ್ಲಿ ಕೂರೋ ಸೆಂಡರ್ ಸಿಗುತ್ತೆ, ಸಿಗದಿದ್ರೆ ಡ್ರೈನ್ ಬೋಲ್ಟನ್ನೇ ಕೊರೆದು ಟ್ಯಾಪ್ ಹೊಡೆಸಿ, ಕೇಸಿಂಗ್ ಮುಟ್ಟೋ ಕೆಲಸವೇ ಇಲ್ಲ. ಆದ್ರೆ ಕೆಳಗೆ ಕಲ್ಲು ಬಡಿಯೋ ಗಾಡಿಯಾದ್ರೆ, ಅಥವಾ ಬ್ಯಾಷ್ ಪ್ಲೇಟ್ (ಎಂಜಿನ್ ಅಡಿಯ ಕಾಪು ತಗಡು) ಇಲ್ದಿದ್ರೆ ಬೇಡ. ಆಗ ಆಯಿಲ್ ಕೂಲರ್‌ಗೆ ಹೋಗೋ ಲೈನಲ್ಲಿ ಹಾಕಿ, ವಾಪಸ್ ಬರೋ ಲೈನಲ್ಲಿ ಹಾಕಿದ್ರೆ ತಣ್ಣಗಾದ ಆಯಿಲ್ ನೋಡಿ ಮತ್ತೆ ಖುಷಿಪಡ್ತೀರ. ಡ್ರೈನ್ ಬೋಲ್ಟ್ ಹತ್ರ ವೈರಿಗೆ ಒಂದು ಕನೆಕ್ಟರ್ ಕೊಡಿ, ಇಲ್ಲಾಂದ್ರೆ ಆಯಿಲ್ ಚೇಂಜಿಗೆ ಮೆಕ್ಯಾನಿಕ್ ವೈರ್ ಸಮೇತ ತಿರುಗಿಸಿ ಕಿತ್ತು ಕೈಗೆ ಕೊಡ್ತಾನೆ. ಸ್ಪಾರ್ಕ್ ಪ್ಲಗ್ ಕೆಳಗೆ ವಾಷರ್ ಥರ ಹಾಕೋ ಸೆನ್ಸರ್ ಸಿಲಿಂಡರ್ ಹೆಡ್ ಟೆಂಪರೇಚರ್‌ದು, ಅದರ ನಂಬರ್ ತಂದು ಆಯಿಲ್‌ಗೆ ಹೋಲಿಸ್ಬೇಡಿ.

ವಾರ್ನಿಂಗ್ ಲೈಟ್ ವೈರ್‌ಗೆ ಟೇಪ್ ಸುತ್ತಿ ಬಿಟ್ಟಿದೀರಲ್ಲ, ಅದನ್ನ ನೋಡಿ ನಿಜಕ್ಕೂ ಬೇಜಾರಾಯ್ತು. ಓಡಿಸುವಾಗ ಗೇಜ್ ಯಾರು ನೋಡ್ತಾರೆ? ಕೆಂಪು ಲೈಟ್ ಹತ್ತಿದ್ರೆ ಮಾತ್ರ ಕಣ್ಣಿಗೆ ಬೀಳೋದು. ವಿಡಿಒ ಕಂಪನಿಯಲ್ಲಿ ಎರಡು ಟರ್ಮಿನಲ್ ಇರೋ ಸೆಂಡರ್ ಬರುತ್ತೆ, ಜಿ ಅಂತ ಇರೋದು ಗೇಜಿಗೆ, ಡಬ್ಲ್ಯೂಕೆ ಅಂತ ಇರೋದು ವಾರ್ನಿಂಗ್ ಲೈಟಿಗೆ, ಒಂದರಲ್ಲೇ ಎರಡೂ ಕೆಲಸ. ಭಾರ ಅನ್ನೋದು ಬಿಟ್ರೆ ನನಗೆ ವಿಡಿಒ ಬಗ್ಗೆ ದೂರಿಲ್ಲ. ಟೆಂಪರೇಚರ್‌ಗೆ ಮಾತ್ರ ಡಿಜಿಟಲ್ ಬೇಕು ಅಂದ್ರೆ ಕೊಸೊ ಕಂಪನಿಯ ಚಿಕ್ಕ ಮೀಟರ್ ಚೆನ್ನಾಗಿದೆ. ಹೆಸರೇ ಇಲ್ಲದ ಕೆಂಪು ಎಲ್‌ಇಡಿ ಮೀಟರ್‌ಗಳು ಬಿಸಿಲಲ್ಲಿ ಕಾಣಲ್ಲ, ಕಾರಿನ ಗೇಜ್ ಮಳೆ ತಡೆಯಲ್ಲ. ಇನ್ನು ಮೆಕ್ಯಾನಿಕಲ್ ಗೇಜ್ ತಂದು ಪ್ಲಾಸ್ಟಿಕ್ ಟ್ಯೂಬಲ್ಲಿ ಬಿಸಿ ಆಯಿಲ್‌ನ ಹ್ಯಾಂಡಲ್‌ವರೆಗೂ ಎಳೆಯೋರಿಗೆ ನಾನು ಏನೂ ಹೇಳಲ್ಲ, ಹೇಳಿದ್ರೆ ಅಡ್ಮಿನ್ ತೆಗೀತಾರೆ.

ಕುಣಿಯೋ ಮುಳ್ಳಿನ ಪ್ರಶ್ನೆ. ಗೇಜಿನ ಅರ್ಥ್‌ನ ಹೆಡ್‌ಲೈಟ್ ಒಳಗೆ ಇಂಡಿಕೇಟರ್ ಅರ್ಥ್ ಜೊತೆ ಸೇರಿಸಿರ್ತೀರ, ಬಲ್ಬ್ ಮಿನುಗಿದಾಗೆಲ್ಲ ಆ ವೈರಲ್ಲಿ ವೋಲ್ಟೇಜ್ ಏರಿಳಿದು ಮುಳ್ಳೂ ಜೊತೆಗೆ ಕುಣಿಯುತ್ತೆ. ಗೇಜ್ ಅರ್ಥ್ ಬೇರೆ ವೈರಲ್ಲಿ ನೇರ ಬ್ಯಾಟರಿಗೆ ತನ್ನಿ. ಪ್ಲಸ್ ಇಗ್ನಿಷನ್ ಕೀ ಆದ್ಮೇಲಿನ ಲೈನಿಂದ, ಮಧ್ಯ 1 ಅಥವಾ 2 ಆಂಪ್ ಫ್ಯೂಸ್. ಹಳೇ ಚಿಕ್ಕ ಗಾಡಿಗಳಲ್ಲಿ ಹೆಡ್‌ಲೈಟ್ ಎಸಿ ಮೇಲೆ ಓಡುತ್ತೆ, ಅಲ್ಲಿಂದ ಲೈನ್ ತಗೊಂಡು ಡಿಜಿಟಲ್ ಮೀಟರ್ ಸುಟ್ಕೊಬೇಡಿ.

ಹಾಕೋ ಮುಂಚೆ ಟೆಂಪರೇಚರ್ ಸೆಂಡರ್‌ನ ವೈರ್ ಸಮೇತ ಕುದಿಯೋ ನೀರಲ್ಲಿ ಅದ್ದಿ, ಮೈಗೆ ಒಂದು ಅರ್ಥ್ ವೈರ್ ಕಟ್ಟಿ, ಗೇಜ್ 100ರ ಆಸುಪಾಸು ಬಂದ್ರೆ ಸರಿ. ಪ್ರೆಷರ್‌ನ ಒಂದ್ಸಲ ಯಾರ ಹತ್ರ ಆದ್ರೂ ಮೆಕ್ಯಾನಿಕಲ್ ಟೆಸ್ಟ್ ಗೇಜ್ ಇಸ್ಕೊಂಡು ತಾಳೆ ನೋಡಿ.

ಎಲ್ಲಾ ಸರಿ ಮಾಡಿದ್ಮೇಲೆ ನಿಮ್ಮ 4 ಬಾರ್ ಧಡಕ್ ಅಂತ ಇಳಿಯುತ್ತೆ, ಆಗ ಗಾಬರಿಯಾಗಿ ಎಂಜಿನ್ ಬಿಚ್ಚಿಸ್ಬೇಡಿ. ನಿಮ್ದು ರೋಲರ್ ಬೇರಿಂಗ್ ಕ್ರ್ಯಾಂಕ್, ಉರುಳೋ ರೋಲರ್‌ಗಳ ಮೇಲೆ ತಿರುಗೋದು. ಅದಕ್ಕೆ ಆಯಿಲ್ ಬೇಕು, ಪ್ರೆಷರ್ ಅಷ್ಟಾಗಿ ಬೇಡ, ಬಿಸಿ ಐಡ್ಲಿಂಗಲ್ಲಿ ಮುಳ್ಳು ತಳದ ಹತ್ರನೇ ಇರುತ್ತೆ. ಕವಾಸಾಕಿ ಝಡ್1, ಸುಜುಕಿ ಜಿಎಸ್750 ಇವೆಲ್ಲ ರೋಲರ್ ಕ್ರ್ಯಾಂಕಿನ ಎಂಜಿನ್‌ಗಳು, ಪ್ರೆಷರ್ ತೀರಾ ಕಮ್ಮಿ. "1000 ಆರ್‌ಪಿಎಂಗೆ 10 ಪಿಎಸ್‌ಐ" ಅನ್ನೋ ಲೆಕ್ಕ ರೋಲರ್ ಇಲ್ಲದೆ ಆಯಿಲ್ ಪದರದ ಮೇಲೆ ತಿರುಗೋ ಪ್ಲೇನ್ ಬೇರಿಂಗ್ ಎಂಜಿನ್‌ಗಳದ್ದು, ಅದನ್ನ ಇಲ್ಲಿ ತರಬೇಡಿ. 10 ಬಾರ್ ಗೇಜ್ ಹಾಕಿದ್ರೆ ಮುಳ್ಳು ಅಲ್ಲಾಡಿದ್ದೇ ಕಾಣಲ್ಲ, ಹಾಗಾಗಿ ನಿಮಗೆ ಕಮ್ಮಿ ರೇಂಜಿನದ್ದೇ ಬೇಕು, ಸೆಂಡರ್ ಕೂಡ ಅದೇ ರೇಂಜಿಂದು.

ಮೇಲೆ ಕಾಮೆಂಟಲ್ಲಿ ಒಬ್ರು "ಪ್ರೆಷರ್ ಕಮ್ಮಿ ಬಂದ್ರೆ 20ಡಬ್ಲ್ಯೂ50 ಹಾಕಿ, ಏರುತ್ತೆ" ಅಂದಿದಾರೆ. ಏರುತ್ತೆ ಹೌದು, ಗಟ್ಟಿ ಆಯಿಲ್ ತಳ್ಳೋಕೆ ಕಷ್ಟ ಅದಕ್ಕೆ ಏರುತ್ತೆ, ಆಯಿಲ್ ಜಾಸ್ತಿ ಹರೀತಿದೆ ಅಂತ ಅರ್ಥ ಅಲ್ಲ. ಮ್ಯಾನ್ಯುಯಲ್‌ನಲ್ಲಿ ಇರೋ ಗ್ರೇಡ್ ಹಾಕಿ. ಹೊಸ ಆಯಿಲ್ ಹಾಕಿದ ವಾರ ಚೆನ್ನಾಗಿ ಬಿಸಿ ಮಾಡಿ ಐಡ್ಲಿಂಗಲ್ಲಿ ಎಷ್ಟು, 3000ದಲ್ಲಿ ಎಷ್ಟು, ಆಗ ಟೆಂಪರೇಚರ್ ಎಷ್ಟು ಅಂತ ಬರೆದಿಡಿ. ಮುಂದೆ ಅದೇ ಟೆಂಪರೇಚರಲ್ಲಿ ಪ್ರೆಷರ್ ಇಳಿದಿದ್ರೆ ಮೊದಲು ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದ್ರೆ ಕಾರ್ಬ್ಯುರೇಟರ್ ಫ್ಲೋಟ್ ನೀಡಲ್ ಸೋರಿ ಆಯಿಲ್ ತೆಳ್ಳಗಾಗಿದೆ, ಬೇರಿಂಗ್ ಮೇಲೆ ಅನುಮಾನ ಆಮೇಲೆ. ಟೆಂಪರೇಚರ್ 130 ದಾಟಿದ್ರೆ ಥ್ರಾಟಲ್ ಬಿಡಿ. ಅದು ಬಿಟ್ಟು ಸದಾ 70ರಲ್ಲೇ ಇರ್ಲಿ ಅಂತ ದೊಡ್ಡ ಕೂಲರ್ ಹಾಕಿಸ್ಬೇಡಿ, ಆಯಿಲ್‌ನಲ್ಲಿ ಸೇರೋ ನೀರಿನ ಅಂಶ ಆವಿ ಆಗೋಕೆ ಅದು ಚೆನ್ನಾಗಿ ಬಿಸಿ ಆಗ್ಲೇಬೇಕು, ಇಲ್ಲಾಂದ್ರೆ ಫಿಲ್ಲರ್ ಕ್ಯಾಪ್ ಒಳಗೆ ಬಿಳಿ ಕೆನೆ ಕಟ್ಟುತ್ತೆ.

ಮೊದಲು ಇವತ್ತೇ ಆ ಟೀ ಬಿಚ್ಚಿ ಹಳೇ ಸ್ವಿಚ್ ವಾಪಸ್ ಹಾಕಿ, ಅಡಾಪ್ಟರ್ ರೆಡಿ ಆಗೋವರೆಗೂ ಹಾಗೇ ಓಡಿಸಿ. ಎಂಜಿನ್ ಹೋಲ್‌ನ ಥ್ರೆಡ್ ಯಾವುದು ಅಂತ ಪಿಚ್ ಗೇಜ್ ಹಿಡಿದು ಒಂದು ಫೋಟೋ ಹಾಕಿ, ಅಡಾಪ್ಟರ್ ಡ್ರಾಯಿಂಗ್ ಕಳಿಸ್ತೀನಿ.