ನೀವೂ ತಾರೀಖು ಕೊಟ್ರಿ ಅಲ್ವಾ, ಮೇಡಂ?

ಆಪ್ತ ಸಲಹೆ ನನ್ನ ಕೆಲಸ. ಗಡಿ ಮುಚ್ಚಿ ಗಂಡನಿಂದ ದೂರ ಉಳಿದು ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಪ್ರಕರಣ ಇದು. ಅವರ ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ದೇಶವನ್ನೂ ಅಲ್ಲಿನ ಸರ್ಕಾರ ಹೇಳಿದ ತಾರೀಖುಗಳನ್ನೂ ಮಾತ್ರ ಹಾಗೇ ಇಟ್ಟಿದ್ದೇನೆ. ಅವನ್ನು ತೆಗೆದರೆ ಈ ಪ್ರಕರಣದಲ್ಲಿ ಏನೂ ಉಳಿಯುವುದಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಸುಮಾ ಅಂತ ಕರೆಯೋಣ. ಹಾಸನದ ಕಡೆಯವರು. ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದರು. 2019ರ ನವೆಂಬರಿನಲ್ಲಿ ಮದುವೆ. ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸ, ತಾತ್ಕಾಲಿಕ ವೀಸಾ. ಡಿಸೆಂಬರಿನಲ್ಲಿ ಅವರು ವಾಪಸ್ ಹೋದರು. ಇವರು ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಮಾರ್ಚ್ ಎರಡನೇ ವಾರ ವೀಸಾ ಬಂತು, 28ಕ್ಕೆ ಟಿಕೆಟ್ ಆಯಿತು. ಕೊರೊನಾ ಕಾರಣಕ್ಕೆ 2020ರ ಮಾರ್ಚ್ 20ರ ರಾತ್ರಿ ಆಸ್ಟ್ರೇಲಿಯಾ ತನ್ನ ಗಡಿ ಮುಚ್ಚಿತು. ಎರಡು ಮೂರು ದಿನದಲ್ಲಿ ನಮ್ಮ ಕಡೆಯ ವಿಮಾನಗಳೂ ನಿಂತವು.

ನನ್ನ ಹತ್ತಿರ ಬಂದಾಗ 2021ರ ಆಗಸ್ಟ್. ವಾಟ್ಸಾಪ್ ವಿಡಿಯೊದಲ್ಲಿ ಮಾತು. ಅತ್ತೆಮನೆಯಲ್ಲಿ ಒಬ್ಬರೇ ಕೂತು ಮಾತಾಡುವ ಜಾಗ ಇರಲಿಲ್ಲ. ಹಾಗಾಗಿ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಕುಳಿತು ಮಾತಾಡುತ್ತಿದ್ದರು. ಒಣಗಲು ಹಾಕಿದ ಬಟ್ಟೆ ಮಧ್ಯೆ ಮಧ್ಯೆ ಗಾಳಿಗೆ ಹಾರಿ ಮುಖಕ್ಕೆ ಅಡ್ಡ ಬರುತ್ತಿತ್ತು.

ಹೇಳಿಕೊಂಡ ತೊಂದರೆ ನಿದ್ದೆ. ಆಗಸ್ಟಿನಲ್ಲಿ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಏಳಾದಾಗ ಇಲ್ಲಿ ರಾತ್ರಿ ಎರಡೂವರೆ. ಅಲ್ಲಿನ ಬೆಳಗಿನ ಸುದ್ದಿಯಲ್ಲಿ ಗಡಿಯ ವಿಷಯ ಏನಾದರೂ ಬಂತಾ ಅಂತ ನೋಡಲು ಆ ಹೊತ್ತಿಗೆ ಏಳುತ್ತಿದ್ದರು. ಆಮೇಲೆ ತಮ್ಮ ಹಾಗೆಯೇ ಸಿಕ್ಕಿಹಾಕಿಕೊಂಡವರ ಫೇಸ್‌ಬುಕ್ ಗುಂಪು. ಯಾರಿಗೆ ವಿನಾಯಿತಿ ಸಿಕ್ಕಿತು, ಯಾರ ಅರ್ಜಿ ತಿರಸ್ಕಾರವಾಯಿತು, ಎಲ್ಲ ಓದುವಷ್ಟರಲ್ಲಿ ಬೆಳಗಾಗುತ್ತಿತ್ತು. ಪೌರರಿಗೆ, ಕಾಯಂ ನಿವಾಸಿಗಳಿಗೆ, ಅವರ ಹತ್ತಿರದ ಕುಟುಂಬಕ್ಕೆ ಅಲ್ಲಿ ಪ್ರವೇಶ ಇತ್ತು. ತಾತ್ಕಾಲಿಕ ವೀಸಾದವರ ಹೆಂಡತಿಗೆ ಇರಲಿಲ್ಲ. ಇವರು ಮೂರು ಸಲ ವಿನಾಯಿತಿ ಕೇಳಿದ್ದರು. ಮೂರು ಸಲವೂ ಇಲ್ಲ.

ಗಂಡನೇ ಬಂದು ಹೋಗಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಬರಬಹುದಿತ್ತು. ಬಂದರೆ ವಾಪಸ್ ಹೋಗುವಂತಿರಲಿಲ್ಲ. ಅಲ್ಲಿ ಅವರಿಗೂ ಸುಖ ಇರಲಿಲ್ಲ. ಮೆಲ್ಬರ್ನ್ ಎಲ್ಲ ಸೇರಿ 262 ದಿನ ಲಾಕ್‌ಡೌನ್ ಕಂಡ ಊರು.

ಇದರ ಮೇಲೆ ಲಸಿಕೆಯ ಗೋಳು. ಊರಿನ ಆರೋಗ್ಯ ಕೇಂದ್ರದಲ್ಲಿ ಆ ದಿನ ಇದ್ದದ್ದು ಕೋವ್ಯಾಕ್ಸಿನ್. ಸಿಕ್ಕಿದ್ದೇ ಪುಣ್ಯ ಅಂತ ಹಾಕಿಸಿಕೊಂಡರು. ಅಕ್ಟೋಬರ್ 1ರಂದು ಆಸ್ಟ್ರೇಲಿಯಾ ಕೋವಿಶೀಲ್ಡ್ ಒಪ್ಪಿತು, ಕೋವ್ಯಾಕ್ಸಿನ್ ಒಪ್ಪಲಿಲ್ಲ. ಅದನ್ನು ಒಪ್ಪಿದ್ದು ನವೆಂಬರ್ 1ಕ್ಕೆ. ಆ ಒಂದು ತಿಂಗಳು ಮನೆಯಲ್ಲಿ ಅತ್ತೆ ದಿನಕ್ಕೊಮ್ಮೆಯಾದರೂ "ನೋಡಿ ಹಾಕಿಸ್ಕೊಳ್ಳಮ್ಮ ಅಂತ ಹೇಳಿದ್ದೆ" ಅನ್ನುತ್ತಿದ್ದರಂತೆ. ಹೇಳಿರಲಿಲ್ಲ ಅನ್ನುವುದು ಸುಮಾ ವಾದ.

ಮೊದಲ ಮೂರು ತಿಂಗಳು ನಾನು ಮಾಡಿದ್ದು ಎಲ್ಲ ಸಲಹೆಗಾರರೂ ಮಾಡುವುದನ್ನೇ. ಸುದ್ದಿ ದಿನಕ್ಕೆ ಒಂದೇ ಸಲ, ಸಂಜೆ ಆರಕ್ಕೆ. ರಾತ್ರಿ ಫೋನ್ ಅಡುಗೆಮನೆಯಲ್ಲಿ. ಬೆಳಿಗ್ಗೆ ನಡಿಗೆ. ಇನ್ನೊಂದು ನಿಯಮವೂ ಇತ್ತು. ನಾವಿಬ್ಬರೂ ಮಾತಿನಲ್ಲಿ "ಯಾವಾಗ ತೆಗೀತಾರೆ" ಅಂತ ಊಹೆ ಮಾಡಬಾರದು. ನಿದ್ದೆ ಸ್ವಲ್ಪ ಸುಧಾರಿಸಿತು. ನನಗೂ ಸ್ವಲ್ಪ ಹೆಮ್ಮೆ ಬಂತು.

ನವೆಂಬರ್ 22ರಂದು ಅಲ್ಲಿನ ಪ್ರಧಾನಿ ಘೋಷಿಸಿದರು. ಎರಡೂ ಡೋಸ್ ಆದ ವೀಸಾದಾರರಿಗೆ ಡಿಸೆಂಬರ್ 1ರಿಂದ ಬಾಗಿಲು ತೆರೆಯುತ್ತದೆ ಅಂತ. ಮರುದಿನ ನಮ್ಮ ಸೆಷನ್. ಪರದೆಯ ಮೇಲೆ ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಮುಗೀತು ಸುಮಾ. ಇನ್ನೊಂದು ವಾರ ಅಷ್ಟೇ" ಅಂದುಬಿಟ್ಟೆ.

ನವೆಂಬರ್ 26ಕ್ಕೆ ಹೊಸ ತಳಿಗೆ ಒಮಿಕ್ರಾನ್ ಅಂತ ಹೆಸರು ಬಿತ್ತು. 29ರಂದು ಆಸ್ಟ್ರೇಲಿಯಾ ತಾರೀಖನ್ನು ಡಿಸೆಂಬರ್ 15ಕ್ಕೆ ಮುಂದೂಡಿತು.

30ರಂದು ಮತ್ತೆ ಸೆಷನ್. ಈ ಬರಹ ಆ ಒಂದು ಗಂಟೆಯ ಬಗ್ಗೆ.

ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ಬಟ್ಟೆ ಕ್ಲಿಪ್ಪೊಂದನ್ನು ಕೈಯಲ್ಲಿ ಹಿಡಿದು ತೆಗೆಯುತ್ತಾ ಮುಚ್ಚುತ್ತಾ ಕೂತಿದ್ದರು. ತುಂಬ ಹೊತ್ತಾದ ಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು:

"ಎಲ್ಲರೂ ತಾರೀಖು ಕೊಡ್ತಾರೆ. ಏಜೆಂಟು ಕೊಟ್ಟ, ನಮ್ಮವರು ಕೊಟ್ರು, ಟೀವಿ ಜ್ಯೋತಿಷಿನೂ ಕೊಟ್ಟ. ನೀವೂ ತಾರೀಖು ಕೊಟ್ರಿ ಅಲ್ವಾ, ಮೇಡಂ?"

ಸಮಜಾಯಿಷಿ ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಹೌದು, ತಪ್ಪಾಯ್ತು" ಅಂದೆ. ಇಪ್ಪತ್ತು ವರ್ಷದ ಕೆಲಸದಲ್ಲಿ ನಾನು ಇಷ್ಟು ನೇರವಾಗಿ ಕ್ಷಮೆ ಕೇಳಿದ್ದು ಕಡಿಮೆ. ಅವರು ಮೊದಲ ಸಲ ಕ್ಯಾಮೆರಾವನ್ನು ಸರಿಯಾಗಿ ನೋಡಿದರು.

ಆಮೇಲೆ ಇನ್ನೊಂದು ಮಾತು ಹೊರಬಂತು. ಅವರ ಬಟ್ಟೆ ಇನ್ನೂ ಸೂಟ್‌ಕೇಸಿನಲ್ಲೇ ಇತ್ತು. ಇಪ್ಪತ್ತು ತಿಂಗಳಿಂದ! ದಿನವೂ ಅದರಿಂದ ತೆಗೆದು ಉಡುವುದು, ಒಗೆದು ಮಡಚಿ ಮತ್ತೆ ಅದರೊಳಗೇ ಇಡುವುದು. ಅತ್ತೆ ಬೀರು ತರಿಸುತ್ತೇನೆ ಅಂದಾಗ "ಮುಂದಿನ ತಿಂಗಳು ಹೊರಡ್ತೀನಲ್ಲ" ಅಂದಿದ್ದರು. ಜೂನಿನಲ್ಲಿ ಹಳೇ ಸ್ಕೂಲಿನ ಹೆಡ್‌ಮಿಸ್ ಫೋನ್ ಮಾಡಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಮಾಡು ಬಾ ಅಂದಾಗಲೂ ಅದೇ ಉತ್ತರ. ಅಕ್ಟೋಬರಿನಲ್ಲಿ ಮತ್ತೆ ಕರೆದರು, ಮತ್ತೆ ಅದೇ. ಅನಿಶ್ಚಿತತೆ ಇವರ ನಿದ್ದೆ ತಿಂದಿತ್ತು, ನಿಜ. ಆದರೆ ಹಗಲನ್ನು ತಿಂದದ್ದು ಹೊರಡುವವಳ ಹಾಗೆ ಬದುಕಿದ ಈ ರೀತಿ. ಮೂರು ತಿಂಗಳು ರಾತ್ರಿಯ ಬಗ್ಗೆಯೇ ವಿಚಾರಿಸುತ್ತಿದ್ದ ನಾನು ಹಗಲಿನ ಬಗ್ಗೆ ಕೇಳಿರಲೇ ಇಲ್ಲ.

ಅವತ್ತು ಕೊಟ್ಟ ಸಲಹೆ ಇಷ್ಟು. ಬೀರು ತರಿಸಿಕೊಳ್ಳಿ. ಸ್ಕೂಲಿಗೆ ಹೋಗಿ, ಆದರೆ ಸುಳ್ಳು ಹೇಳಬೇಡಿ. ಹದಿನೈದು ದಿನ ಮೊದಲು ಹೇಳಿ ಬಿಡಬಹುದು, ಒಪ್ಪಿಗೆಯಾ ಅಂತ ಹೆಡ್‌ಮಿಸ್ಸನ್ನು ಕೇಳಿ. ಮೂರನೆಯದು, ಗಂಡನ ಹತ್ತಿರ "ಯಾವಾಗ ತೆಗೀತಾರೆ" ಅಂತ ಕೇಳುವುದನ್ನು ನಿಲ್ಲಿಸಿ. "ನಾವು ಎಲ್ಲಿವರೆಗೆ ಕಾಯೋಣ" ಅಂತ ಕೇಳಿ.

ಮೂರನೆಯ ಮಾತಿಗೆ ನನಗೆ ಬೈಗುಳ ಬಂತು. ಗಂಡ ಎರಡು ದಿನ ಫೋನ್ ಮಾಡಲಿಲ್ಲವಂತೆ. ಸೊಸೆಯ ಫೋನಿನಿಂದಲೇ ಅತ್ತೆ ನನಗೆ ಕರೆ ಮಾಡಿದರು. "ನಿದ್ದೆ ಬರಲ್ಲ ಅಂತ ನಿಮ್ಮ ಹತ್ರ ಮಾತಾಡು ಅಂದ್ರೆ, ನನ್ನ ಮಗನ ಕೆಲಸ ಬಿಡಿಸೋಕೆ ಹೇಳ್ಕೊಡ್ತೀರಾ?" ಅಂದರು. ನಾನು ವಾಪಸ್ ಬರಲು ಹೇಳಿ ಅಂದಿರಲಿಲ್ಲ. ಆದರೂ ಅವರ ಭಯ ಸುಳ್ಳಲ್ಲ. ಎಲ್ಲಿವರೆಗೆ ಅನ್ನುವ ಪ್ರಶ್ನೆಯೊಳಗೆ ವಾಪಸ್ ಬರುವುದೂ ಇದೆ.

ಆದರೂ ಆ ಪ್ರಶ್ನೆ ಕೇಳಿಸಿದ್ದು ಸರಿ ಅಂತಲೇ ನನ್ನ ನಂಬಿಕೆ. ಗಡಿ ಯಾವಾಗ ತೆರೆಯುತ್ತದೆ ಅನ್ನುವುದು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ತೀರ್ಮಾನವಾಗುತ್ತದೆ. ಅದಕ್ಕಾಗಿ ಹಾಸನದಲ್ಲಿ ರಾತ್ರಿ ಎರಡೂವರೆಗೆ ಎದ್ದು ಕೂತರೆ ಒಂದು ಗಂಟೆಯೂ ಬೇಗ ಆಗುವುದಿಲ್ಲ. ಎಷ್ಟು ಕಾಯುವುದು ಅನ್ನುವುದನ್ನು ಮಾತ್ರ ಗಂಡ ಹೆಂಡತಿ ತೀರ್ಮಾನಿಸಬೇಕು. ಮದುವೆಯಾಗಿ ಒಟ್ಟಿಗೆ ಬಾಳಿದ್ದು ಒಂದು ತಿಂಗಳೂ ಇಲ್ಲದ ದಂಪತಿ ಅದನ್ನು ಒಮ್ಮೆಯೂ ಮಾತಾಡಿರಲಿಲ್ಲ. ಯಾಕೆ ಅಂದರೆ ಪ್ರತಿ ಸಲ ಯಾರೋ ಒಂದು ತಾರೀಖು ಕೊಡುತ್ತಿದ್ದರು. ತಾರೀಖು ಸಿಕ್ಕ ಮೇಲೆ ಮಾತು ಬೇಕಿಲ್ಲ ಅಲ್ವಾ? ಭರವಸೆ ಒಳ್ಳೆಯದು ಅಂತ ನಮಗೆಲ್ಲ ಕಲಿಸಿದ್ದಾರೆ. ಬೇರೆಯವರ ತಾರೀಖಿಗೆ ನೇತುಹಾಕಿದ ಭರವಸೆ ಎಷ್ಟು ದುಬಾರಿ ಅನ್ನುವುದನ್ನು ಯಾರೂ ಕಲಿಸಿಲ್ಲ. ನನಗಂತೂ ಸುಮಾ ಕಲಿಸಬೇಕಾಯಿತು.

ಮೂರನೇ ದಿನ ಗಂಡ ಫೋನ್ ಮಾಡಿ ಹೇಳಿದರಂತೆ: "ಯುಗಾದಿವರೆಗೆ ನೋಡೋಣ. ಆಗಲಿಲ್ಲ ಅಂದ್ರೆ ನಾನೇ ಬರ್ತೀನಿ." ಆ ರಾತ್ರಿ ಸುಮಾ ಫೋನನ್ನು ಅಡುಗೆಮನೆಯಲ್ಲಿಟ್ಟು ಬೆಳಗಿನವರೆಗೆ ಮಲಗಿದರು. ಬಾಗಿಲು ಇನ್ನೂ ಮುಚ್ಚಿಯೇ ಇತ್ತು.

ಡಿಸೆಂಬರ್ 6ರಿಂದ ಸ್ಕೂಲಿಗೆ ಹೋದರು. ಬೀರು ಬಂತು, ಕಂದು ಬಣ್ಣದ್ದು, ಸಾಧಾರಣದ್ದು. 15ಕ್ಕೆ ಆಸ್ಟ್ರೇಲಿಯಾ ಬಾಗಿಲು ತೆರೆದೇಬಿಟ್ಟಿತು. ಅವತ್ತೇ ಹೆಡ್‌ಮಿಸ್‌ಗೆ ಹೇಳಿ, 30ಕ್ಕೆ ವಿಮಾನ ಹತ್ತಿದರು. ತೆರೆಯದೇ ಇದ್ದಿದ್ದರೆ ಈ ಪ್ರಕರಣ ಬರೆಯಲು ನನಗೆ ಇನ್ನೂ ಧೈರ್ಯ ಬರುತ್ತಿತ್ತು ಅನ್ನಿಸುತ್ತದೆ. ಈಗ ಓದಿದವರು, ಕಾದರೆ ಒಳ್ಳೆಯದಾಗುತ್ತದೆ ಅಂತ ಅರ್ಥ ಮಾಡಿಕೊಂಡುಬಿಡಬಹುದು. ನಾನು ಹೇಳುತ್ತಿರುವುದು ಅದಲ್ಲ.

ಕೊರೊನಾ ಹೋಯಿತು, ಇಂಥವರು ಬರುವುದು ನಿಂತಿಲ್ಲ. ವೀಸಾ ಇಂಟರ್‌ವ್ಯೂ ಸ್ಲಾಟಿಗೆ ಕಾಯುವವರು, ಅಡ್ಮಿಷನ್ ಮುಂದಕ್ಕೆ ಹೋದವರು, ಗಂಡನ ಕಂಪನಿಯ ಪತ್ರ ಬರಲಿ ಅಂತ ಕೂತವರು. ಮೊದಲ ದಿನವೇ ಕೇಳುತ್ತೇನೆ, ಬಟ್ಟೆ ಎಲ್ಲಿಟ್ಟಿದ್ದೀರಿ ಅಂತ. ಕೆಲವರು ನಗುತ್ತಾರೆ. ಕೆಲವರು ನಗುವುದಿಲ್ಲ.

ಸ್ಕೂಲಿನ ವಿಷಯ ಒಂದು ಬಾಕಿ ಇದೆ. ಬಿಡುವ ದಿನ ಹೆಡ್‌ಮಿಸ್ "ಮೂರು ವಾರಕ್ಕೆ ಯಾಕಮ್ಮ ಬಂದೆ?" ಅಂದರಂತೆ. ಮೊದಲೇ ಹೇಳಿ ಸೇರಿದ್ದು ನಿಜ, ಅವರು ಒಪ್ಪಿದ್ದೂ ನಿಜ. ಆದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವೃತ್ತದ ಪಾಠ ಅರ್ಧಕ್ಕೆ ನಿಂತಿತು. ನನ್ನ ಸಲಹೆಯ ಬೆಲೆಯಲ್ಲಿ ಒಂದು ಪಾಲನ್ನು ಆ ಮಕ್ಕಳು ಕೊಟ್ಟರು. ಈಗ "ಕೆಲಸಕ್ಕೆ ಸೇರಿ" ಅನ್ನುವಾಗ, ನೀವು ನಡುವೆ ಬಿಟ್ಟರೆ ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ ಅಂತಲೂ ಕೇಳುತ್ತೇನೆ.