ಕ್ಯಾತಸಂದ್ರದ ಸೈಟಾ, ಟೆಕ್ಸಾಸಿನ ಅಪಾರ್ಟ್‌ಮೆಂಟಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತುಮಕೂರಿನ ಕ್ಯಾತಸಂದ್ರದ ಹತ್ತಿರ 30–40ರ ಸೈಟ್ ಇದೆ, ಕೈಯಲ್ಲಿ 40 ಲಕ್ಷ ಇದೆ. ಎರಡು ಮನೆ ಕಟ್ಟಿ ಬಾಡಿಗೆಗೆ ಬಿಡುವ ಆಸೆ. ಟೆಕ್ಸಾಸಿನಲ್ಲಿರುವ ಮಗ, 'ಬಾಡಿಗೆದಾರರ ಕಾಟ ನಿಮಗ್ಯಾಕೆ? ಇಲ್ಲಿ ಅಪಾರ್ಟ್‌ಮೆಂಟ್ ಸಿಂಡಿಕೇಷನ್‌ಗೆ ಹಾಕಿ, ಸುಮ್ನೆ ಕೂತು ತಿನ್ನಿ' ಅನ್ನುತ್ತಾನೆ. ಯಾವುದು ಸರಿ?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಲೆಕ್ಕವನ್ನೇ ತಿದ್ದೋಣ. ಮನೆಗೆ ತಿಂಗಳಿಗೆ 9,000 ಅಂದುಕೊಳ್ಳಿ. ಎರಡಕ್ಕೆ ವರ್ಷಕ್ಕೆ 2.16 ಲಕ್ಷ. ಒಂದು ತಿಂಗಳು ಖಾಲಿ, ಸುಣ್ಣಬಣ್ಣ, ಕಂದಾಯ, ಸುಟ್ಟುಹೋದ ಮೋಟಾರು ಎಲ್ಲ ಕಳೆದರೆ 1.8 ಲಕ್ಷ ಉಳಿಯಬಹುದು. 40 ಲಕ್ಷಕ್ಕೆ ಇದು ನಾಲ್ಕೂವರೆ ಪರ್ಸೆಂಟ್. ಆದರೆ ಸೈಟು ಪುಕ್ಕಟೆ ಅಲ್ವಲ್ಲ! ಅದೂ 40 ಲಕ್ಷ ಬಾಳುತ್ತದೆ ಎಂದರೆ ಆದಾಯ ಎರಡೂಕಾಲು ಪರ್ಸೆಂಟಿಗೆ ಇಳಿಯುತ್ತದೆ. ಬ್ಯಾಂಕಿನ ಎಫ್‌ಡಿಯೇ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಇಷ್ಟಾದರೂ ಜನ ಮನೆ ಕಟ್ಟುವುದು ಜಾಗದ ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ. ಜೊತೆಗೆ, ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ 30% ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ. ನೀವು ರಿಪೇರಿಗೆ ಒಂದು ರೂಪಾಯಿ ಖರ್ಚು ಮಾಡದಿದ್ದರೂ ಇಲ್ಲ.

ಇನ್ನು ಮಗನ ಮಾತು. ಸಿಂಡಿಕೇಷನ್ ಅಂದರೆ ಒಂದು ಥರ ಪಾಲುದಾರಿಕೆ. ಸ್ಪಾನ್ಸರ್ ಎಂಬಾತ ಹತ್ತಾರು ಜನರ ದುಡ್ಡು ಕೂಡಿಸಿ, ಮೇಲೆ ದೊಡ್ಡ ಸಾಲ ಎತ್ತಿ, ನೂರಾರು ಮನೆಗಳ ಕಟ್ಟಡ ಕೊಳ್ಳುತ್ತಾನೆ. ಸಾಮಾನ್ಯವಾಗಿ ಐದಾರು ವರ್ಷದ ಮೇಲೆ ಮಾರಿ ಲಾಭ ಹಂಚುತ್ತಾನೆ. ಕೊಳ್ಳುವಾಗಲೂ ನೋಡಿಕೊಳ್ಳುವಾಗಲೂ ಅವನಿಗೆ ಫೀಸು. ರಾತ್ರಿ ಹೊತ್ತು ನಲ್ಲಿ ಕೆಟ್ಟಿದೆ ಅಂತ ನಿಮಗೆ ಫೋನ್ ಬರುವುದಿಲ್ಲ, ನಿಜ. ಆದರೆ ನಡುವೆ ದುಡ್ಡು ಬೇಕೆಂದರೂ ಸಿಗುವುದಿಲ್ಲ, ಯಾವಾಗ ಮಾರಬೇಕೆಂದು ನೀವು ಹೇಳುವ ಹಾಗೂ ಇಲ್ಲ.

ಸಾಲದಲ್ಲೇ ಇರುವುದು ಅಪಾಯ. 2022ರ ಮಾರ್ಚ್‌ನಲ್ಲಿ ಸೊನ್ನೆಯ ಆಸುಪಾಸಿನಲ್ಲಿದ್ದ ಅಮೆರಿಕದ ಬಡ್ಡಿ ದರ 2023ರ ಜುಲೈ ಹೊತ್ತಿಗೆ 5% ದಾಟಿತು. ಫ್ಲೋಟಿಂಗ್ ಬಡ್ಡಿಯ, ಅಂದರೆ ದರ ಏರಿದಂತೆ ಕಂತೂ ಏರುವ, ಸಾಲ ಎತ್ತಿದ್ದ ಎಷ್ಟೋ ಕಟ್ಟಡಗಳ ಬಾಡಿಗೆ ಕಂತಿಗೇ ಸಾಲಲಿಲ್ಲ. ಕೆಲವರು ಲಾಭ ಹಂಚುವುದನ್ನು ನಿಲ್ಲಿಸಿದರು. ಕೆಲವರು ಹೂಡಿದವರ ಹತ್ತಿರವೇ ಮತ್ತೆ ದುಡ್ಡು ಕೇಳಿದರು. ಮನೆಯಲ್ಲಿ ನೀವೇ ಯಜಮಾನ. ಅಲ್ಲಿ ಮುಖ ನೋಡದ ಸ್ಪಾನ್ಸರ್ ಯಜಮಾನ.

ಇನ್ನೊಂದು ತೊಡಕಿದೆ. ಇಂಥ ಹೂಡಿಕೆಗಳಲ್ಲಿ ಹೆಚ್ಚಿನವು ವಾಸದ ಮನೆ ಬಿಟ್ಟು 10 ಲಕ್ಷ ಡಾಲರ್ ಆಸ್ತಿಯೋ, ವರ್ಷಕ್ಕೆ 2 ಲಕ್ಷ ಡಾಲರ್ ಆದಾಯವೋ ಇರುವವರಿಗೆ. ಮಗನಿಗೆ ಆ ಅರ್ಹತೆ ಇದ್ದರೆ ಅವನ ದುಡ್ಡು ಹಾಕಲಿ. ನಿಮ್ಮ ಪಿಂಚಣಿ ಕಾಲದ ಗಂಟು ಅಲ್ಲಿಗೆ ಬೇಡ.

ನನ್ನ ಸಲಹೆ: ಈಗ ಒಂದೇ ಮನೆ ಕಟ್ಟಿ, ತಳಪಾಯ ಮಾತ್ರ ಎರಡಕ್ಕೆ ಹಾಕಿಸಿ. ಉಳಿದಿದ್ದರಲ್ಲಿ ಹೆಚ್ಚಿನದು ಎಫ್‌ಡಿಯಲ್ಲಿರಲಿ. ಕಾಟವಿಲ್ಲದ ಬಾಡಿಗೆಯ ರುಚಿ ನೋಡಬೇಕೆಂದರೆ ಷೇರು ಪೇಟೆಯಲ್ಲಿರುವ ರೀಟ್ (REIT) ಇದೆ. ಅಂದರೆ ಹಲವರ ದುಡ್ಡಿನಲ್ಲಿ ಕಟ್ಟಡಗಳನ್ನಿಟ್ಟುಕೊಂಡು, ಬಂದ ಬಾಡಿಗೆಯನ್ನು ಅವರಿಗೆ ಹಂಚುವ ಟ್ರಸ್ಟ್. ಅದರ ಒಂದು ಯೂನಿಟ್, ಅಂದರೆ ಒಂದೇ ಪಾಲು ಕೂಡ ಕೊಳ್ಳಬಹುದು, ಬೇಡವಾದಾಗ ಮಾರಬಹುದು. ಬೆಲೆ ಏರಿಳಿಯುತ್ತದೆ, ಮತ್ತೆ ನಮ್ಮ ರೀಟ್‌ಗಳು ಹೆಚ್ಚಾಗಿ ಆಫೀಸು ಕಟ್ಟಡಗಳವು, ವಾಸದ ಮನೆಗಳವಲ್ಲ. ಪಾಯ ತೋಡುವ ಮುಂಚೆ ಸೈಟಿನ ಇ-ಖಾತೆ ನಿಮ್ಮ ಹೆಸರಿಗಿದೆಯೇ ನೋಡಿಕೊಳ್ಳಿ.